ಸದ್ದು ಆವರ್ತದ ಒಳಗಿನದೋ, ಹೊರಗಿನದೋ? ಲ್ಯಾಪ್‌ಟಾಪ್ ಲೂಪಿಂಗ್ ಸೆಟ್ ಕೈಕೊಟ್ಟಾಗ

ಬೆನ್ನಿಗೆ ಹಾಕಿಕೊಳ್ಳುವ ಒಂದೇ ಚೀಲದಲ್ಲಿ ನನ್ನ ಸೆಟ್ ಪೂರ್ತಿ ಹಿಡಿಯುತ್ತದೆ. ಲ್ಯಾಪ್‌ಟಾಪ್, ಮೈಕ್, ವಾದ್ಯದ ಸದ್ದನ್ನು ಲ್ಯಾಪ್‌ಟಾಪ್‌ಗೆ ಒಯ್ದು ಮತ್ತೆ ಹೊರಗೆ ತರುವ ಎರಡು ಇನ್‌ಪುಟ್‌ನ ಪುಟ್ಟ ಆಡಿಯೋ ಕಾರ್ಡ್, ಕಾಲಲ್ಲಿ ಒತ್ತಿ ಲ್ಯಾಪ್‌ಟಾಪ್‌ಗೆ ಆದೇಶ ಕಳಿಸುವ ಮಿಡಿ ಪೆಡಲ್, ಒಂದು ಡೈನಮಿಕ್ ಮೈಕ್, ಒಂದು ಡಿಐ ಬಾಕ್ಸ್ (ಉದ್ದ ಕೇಬಲ್‌ನಲ್ಲೂ ಸದ್ದನ್ನು ಕೆಡದಂತೆ ಮಿಕ್ಸರ್‌ಗೆ ಕಳಿಸುವ ಪೆಟ್ಟಿಗೆ), ಕೇಬಲ್‌ಗಳ ಕಟ್ಟು. ಶಿವಮೊಗ್ಗದಲ್ಲಿ ಬಸ್ ಹತ್ತಿ ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ ಎಲ್ಲಿ ಇಳಿದರೂ ಹತ್ತು ನಿಮಿಷದಲ್ಲಿ ಜೋಡಿಸಿಕೊಳ್ಳಬಹುದು. ಕೊಳಲಿನ ಒಂದು ಸಾಲನ್ನು ರೆಕಾರ್ಡ್ ಮಾಡಿ ಮತ್ತೆ ಮತ್ತೆ ಸುತ್ತಲು ಬಿಡುತ್ತೇನೆ. ಲೂಪ್ ಎಂದರೆ ಇದೇ, ಹಾಗೆ ಸುತ್ತಿಸುವ ತಂತ್ರಾಂಶ ಲೂಪರ್. ಅದರ ಮೇಲೆ ಖಂಜಿರ, ಖಂಜಿರದ ಮೇಲೆ ದನಿ.

ಈ ಸೆಟ್ಟಿಗೆ ಮಾಮೂಲಿ ಸೌಂಡ್ ಸಿಸ್ಟಮ್‌ಗೆ ಇಲ್ಲದ ಒಂದು ಗುಣವಿದೆ. ಇದು ದೋಷವನ್ನೂ ರೆಕಾರ್ಡ್ ಮಾಡಿಕೊಂಡುಬಿಡುತ್ತದೆ. ಒಮ್ಮೆ ಆದ ಚಟ್ ಎಂಬ ಸದ್ದು ಮತ್ತೆ ಮತ್ತೆ ಸುತ್ತಿ ಬರುತ್ತದೆ. ಆಗ ಕೇಬಲ್ ಅಲ್ಲಾಡಿಸಿದರೂ ಅದು ಹೋಗುವುದಿಲ್ಲ, ಏಕೆಂದರೆ ದೋಷ ಈಗ ಕೇಬಲ್‌ನಲ್ಲಿಲ್ಲ, ಲೂಪ್‌ನಲ್ಲಿದೆ. ಹಾಗಾಗಿ ಏನನ್ನೂ ಮುಟ್ಟುವ ಮೊದಲು ಕೈ ಕಟ್ಟಿ ನಾಲ್ಕು ಆವರ್ತ, ಅಂದರೆ ತಾಳದ ನಾಲ್ಕು ಪೂರ್ತಿ ಸುತ್ತು ಕೇಳಿ. ತಾಳ ಹಾಕುತ್ತಾ ಕೇಳಿದರೆ ಇನ್ನೂ ಒಳ್ಳೆಯದು. ಕೆಟ್ಟ ಸದ್ದು ಪ್ರತಿ ಸಲ ತಾಳದ ಅದೇ ಅಕ್ಷರದ (ಎಣಿಕೆಯ) ಮೇಲೆ ಬೀಳುತ್ತಿದ್ದರೆ ಅದು ರೆಕಾರ್ಡ್ ಆಗಿಹೋಗಿದೆ. ಗೊತ್ತುಗುರಿಯಿಲ್ಲದೆ ಎಲ್ಲೆಂದರಲ್ಲಿ ಬಂದರೆ ಕಂಪ್ಯೂಟರ್ ಏದುಸಿರು ಬಿಡುತ್ತಿದೆ. ತನ್ನದೇ ಒಂದು ಲಯದಲ್ಲಿ, ನಮ್ಮ ತಾಳಕ್ಕೆ ಸಂಬಂಧವಿಲ್ಲದೆ ಬಂದರೆ ಅದು ಹೊರಗಿನಿಂದ ಬರುತ್ತಿದೆ. ನಿಲ್ಲದೆ ಒಂದೇ ಸಮನೆ ಇದ್ದರೆ ಕರೆಂಟು ಮತ್ತು ಅರ್ಥಿಂಗ್ ಕಡೆ ನೋಡಿ.

ಆಮೇಲೆ ಇನ್ನೆರಡು ಕೆಲಸ, ಎರಡಕ್ಕೂ ಖರ್ಚಿಲ್ಲ. ಲೂಪ್ ಅಳಿಸಿ, ಸದ್ದು ಹೋಯಿತೇ ನೋಡಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ, ಸದ್ದು ಬದಲಾಯಿತೇ ನೋಡಿ. ಕೆಳಗಿನ ಯಾವ ಭಾಗವನ್ನು ಓದಬೇಕು ಎಂಬುದು ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ.

ಮೈಕ್‌ಗೆ ತುಟಿ ತಾಗಿದರೆ ಜುಮ್ಮೆನ್ನುತ್ತದೆ

ಇದನ್ನು ಮೊದಲು ಬರೆಯಲು ಕಾರಣವಿದೆ. ಇದೊಂದು ಲಕ್ಷಣ ಕಂಡರೆ ಬೇರೆ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಮೈಕ್ ಬಿಡಿ, ವಾದ್ಯದ ತಂತಿ ಬಿಡಿ, ಲ್ಯಾಪ್‌ಟಾಪ್‌ನಿಂದ ಕೈ ತೆಗೆಯಿರಿ. ವೇದಿಕೆಗೆ ಬರುವ ಕರೆಂಟನ್ನು ಮೇನ್‌ನಲ್ಲೇ ಆರಿಸಲು ಸೌಂಡ್ ಸಿಸ್ಟಮ್‌ನವರಿಗೆ ಹೇಳಿ.

ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಸಣ್ಣಗೆ ಚುಮುಚುಮು ಅನ್ನುವುದುಂಟು. ಚಾರ್ಜರ್ ಒಳಗಿನ ಕೆಪಾಸಿಟರ್ ಮೂಲಕ ಹರಿಯುವ ಅತಿ ಸಣ್ಣ ಸೋರಿಕೆ ಅದು, ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಆದರೆ ಈ ಚುಮುಚುಮು ಯಾವುದು, ಅರ್ಥಿಂಗ್ ಇಲ್ಲದ ಆಂಪ್ಲಿಫೈಯರ್‌ನ ಮೈಗೆ ಫೇಸ್ ತಾಗಿ ಬರುವ ಶಾಕ್ ಯಾವುದು ಎಂದು ತುಟಿಯಿಂದ ಹೇಳಲು ಯಾರಿಗೂ ಆಗುವುದಿಲ್ಲ. ನಮ್ಮಲ್ಲಿ ವೇದಿಕೆಗೆ ಚಪ್ಪಲಿ ಬಿಟ್ಟೇ ಹತ್ತುತ್ತೇವೆ. ಮಳೆಗಾಲದ ದೇವಸ್ಥಾನದ ಅಂಗಳದಲ್ಲಿ ಬರಿಗಾಲು, ಒದ್ದೆ ನೆಲ, ಕೈಯಲ್ಲಿ ಮೈಕ್ ಮೂರೂ ಸೇರಿದರೆ ದೇಹದ ಮೂಲಕ ಕರೆಂಟ್ ಹರಿಯುವ ದಾರಿ ತೀರಾ ಸಲೀಸಾಗುತ್ತದೆ.

ಪ್ಲಗ್ ಪಾಯಿಂಟ್ ಅಳೆಯುವುದು ಎಲೆಕ್ಟ್ರಿಷಿಯನ್ ಕೆಲಸ. ಅವರು ಮಲ್ಟಿಮೀಟರ್ ಹಿಡಿದಾಗ ಪಕ್ಕದಲ್ಲಿ ನಿಂತು ನೋಡಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಫೇಸ್‌ನಿಂದ ಅರ್ಥ್‌ಗೆ 230ರ ಹತ್ತಿರವೂ ಬರದಿದ್ದರೆ ಆ ಮೂರನೇ ತೂತಿಗೆ ಅರ್ಥ್ ಸಿಕ್ಕಿಲ್ಲ. ಬಾಡಿಗೆ ಜನರೇಟರ್ ಇದ್ದಲ್ಲಿ ನೆಲಕ್ಕೆ ರಾಡ್ ಹೊಡೆದಿದ್ದಾರೆಯೇ ಎಂದು ನಾನು ಪ್ರತಿ ಸಲ ಕೇಳುತ್ತೇನೆ. ಕರೆಂಟ್ ಸೋರಿದೊಡನೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಇರುವ ಬೋರ್ಡಿನಿಂದಲೇ ಕರೆಂಟ್ ತೆಗೆದುಕೊಳ್ಳಿ, ಕಾಲಡಿಗೆ ರಬ್ಬರ್ ಮ್ಯಾಟ್ ಹಾಕಿಕೊಳ್ಳಿ.

ಏಪ್ರಿಲ್, ಮೇ ತಿಂಗಳ ಭರಣಿ, ಕೃತ್ತಿಕಾ ಮಳೆಯ ಹೊತ್ತಿಗೆ ಸ್ವಿಚ್ ಆರಿಸಿದರೆ ಸಾಲದು. ಗುಡುಗು ಶುರುವಾಗುವ ಮೊದಲೇ ಪ್ಲಗ್ಗನ್ನೇ ಕೀಳಬೇಕು, ಮಿಕ್ಸರ್‌ಗೆ ಹೋಗುವ ಲೈನನ್ನೂ ಕೀಳಬೇಕು. ಬಯಲಿನ ವೇದಿಕೆಯಾದರೆ ಕಾರ್ಯಕ್ರಮ ನಿಲ್ಲಿಸಿ ಜನರ ಜೊತೆ ಸೂರಿನಡಿ ಹೋಗಿ.

ಗುಂಯ್ ಎನ್ನುವ ಸದ್ದು ನಿಲ್ಲುವುದೇ ಇಲ್ಲ

ನಮ್ಮ ಕರೆಂಟಿನ ಆವೃತ್ತಿ 50 ಹರ್ಟ್ಜ್. ದಪ್ಪಗೆ, ತಂಬೂರಿಯ ಮಂದ್ರಕ್ಕಿಂತ ಕೆಳಗಿನಿಂದ ಗುಂಯ್ ಎಂದರೆ 50, ಸ್ವಲ್ಪ ಒರಟಾಗಿ ದುಂಬಿಯಂತೆ ಬಂದರೆ 100 ಮತ್ತು ಅದರ ಮೇಲಿನ ಗುಣಕಗಳು. ಚಾರ್ಜರ್ ಕಿತ್ತ ಕ್ಷಣ ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಲ್ಯಾಪ್‌ಟಾಪ್ ಒಂದು ದಾರಿಯಲ್ಲಿ, ಮಿಕ್ಸರ್ ಇನ್ನೊಂದು ದಾರಿಯಲ್ಲಿ ನೆಲವನ್ನು ಮುಟ್ಟುತ್ತಿದೆ. ಎರಡರ ನಡುವಿನ ಆಡಿಯೋ ಕೇಬಲ್‌ನ ಕವಚದಲ್ಲಿ ಬೇಡದ ಕರೆಂಟ್ ಓಡಾಡುತ್ತಿದೆ.

ಬ್ಯಾಟರಿ ಚೆನ್ನಾಗಿದ್ದರೆ ಒಂದು ಗಂಟೆಯ ಕಾರ್ಯಕ್ರಮವನ್ನು ಚಾರ್ಜರ್ ಇಲ್ಲದೆ ಮುಗಿಸುವುದೇ ಎಲ್ಲಕ್ಕಿಂತ ಅಗ್ಗದ ಪರಿಹಾರ. ಅದಾಗದಿದ್ದರೆ ನಿಮ್ಮ ಚಾರ್ಜರನ್ನೂ ಮಿಕ್ಸರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ. ಅಷ್ಟಕ್ಕೂ ಹೋಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸ್ ನಡುವೆ ಹಾಕಿ, ಆಡಿಯೋ ಕೇಬಲ್‌ನ ಕವಚದ ಸಂಪರ್ಕವನ್ನಷ್ಟೇ ಕಡಿಯುವ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಇಡೀ ಚೀಲದಲ್ಲಿ ಏನು ಬಿಟ್ಟರೂ ಡಿಐ ಬಾಕ್ಸ್ ಬಿಟ್ಟು ನಾನು ಹೊರಡುವುದಿಲ್ಲ. ಅಂಗಳದ ಸ್ಪೀಕರ್‌ಗಳು ಹೇಗೂ ಮೊನೊ, ಹಾಗಾಗಿ ಒಂದೇ ಸಾಕು.

ಗುಂಯ್ ನಿಲ್ಲಿಸಲು ಪ್ಲಗ್‌ನ ಅರ್ಥ್ ಪಿನ್ ಮುರಿಯುವುದು, ಅದಕ್ಕೆ ಟೇಪ್ ಸುತ್ತುವುದು ಹಲವರು ಹೇಳಿಕೊಡುವ ಉಪಾಯ. ಸದ್ದು ನಿಜಕ್ಕೂ ನಿಲ್ಲುತ್ತದೆ. ಅದರ ಜೊತೆಗೆ ನಿಮ್ಮ ಜೀವ ಕಾಯುವ ತಂತಿಯೂ ಹೋಗುತ್ತದೆ. ಯಾರು ಹೇಳಿದರೂ ಮಾಡಬೇಡಿ, ಮಾಡಿರುವ ಪ್ಲಗ್ ಕಂಡರೆ ಬಳಸಬೇಡಿ.

ಚಾರ್ಜರ್ ಕಿತ್ತರೂ ಗುಂಯ್ ಹೋಗಲಿಲ್ಲ ಅಂದರೆ ಇನ್‌ಪುಟ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಎಲ್ಲಿ ನಿಂತಿತೋ ಅದೇ ಕೇಬಲ್. ಮೃದಂಗ, ಖಂಜಿರಕ್ಕೆ ಅಂಟಿಸುವ, ಕಂಪನವನ್ನು ಸಿಗ್ನಲ್ ಆಗಿಸುವ ಪೀಜೋ ಬಿಲ್ಲೆಯನ್ನು ಮಾಮೂಲಿ ಲೈನ್ ಇನ್‌ಪುಟ್‌ಗೆ ಸಿಕ್ಕಿಸಿದರೆ ಸದ್ದು ತೆಳ್ಳಗಾಗುತ್ತದೆ. ಆಗ ಗೇನ್, ಅಂದರೆ ಒಳಬರುವ ಸದ್ದಿನ ಮಟ್ಟ ಏರಿಸುತ್ತೇವೆ, ಗುಂಯ್ ಕೂಡ ಏರುತ್ತದೆ. ಅದಕ್ಕೆ ಕನಿಷ್ಠ ಒಂದು ಮೆಗಾಓಮ್‌ನ ಇನ್‌ಸ್ಟ್ರುಮೆಂಟ್ ಇನ್‌ಪುಟ್ ಬೇಕು. ಕಾರ್ಡಿನ ಮೇಲೆ ಗಿಟಾರ್ ಚಿತ್ರವಿರುವ ಗುಂಡಿ ಅದೇ.

ಲೂಪಿಂಗ್‌ನಲ್ಲಿ ಸಣ್ಣ ಗೊರಗೊರವನ್ನೂ ಬಿಡಬಾರದು. ಪ್ರತಿ ಪದರದ ಜೊತೆಗೆ ಅದೂ ಒಂದು ಪದರ ಕೂರುತ್ತದೆ. ನಾಲ್ಕು ಪದರಕ್ಕೆ ಹಿನ್ನೆಲೆಯ ಸುಂಯ್ ಸದ್ದು ಸುಮಾರು 6 ಡೆಸಿಬೆಲ್, ಎಂಟಕ್ಕೆ 9 ಡೆಸಿಬೆಲ್ ಏರಿರುತ್ತದೆ. ಮೊದಲ ಪದರದಲ್ಲಿ ಯಾರಿಗೂ ಕೇಳದಿದ್ದುದು ಎಂಟನೆಯದರ ಹೊತ್ತಿಗೆ ಹಿಂದಿನ ಸಾಲಿನವರಿಗೂ ಕೇಳುತ್ತದೆ.

ಚಟ್, ಟಿಕ್, ಕರಕರ

ಸಮದ ಮೇಲೆ, ಅಂದರೆ ಲೂಪ್ ಮುಗಿದು ಮತ್ತೆ ಶುರುವಾಗುವ ಜಾಗದಲ್ಲಿ ಚಟ್ ಎಂದರೆ ಅದು ಬೆಸುಗೆ ಸರಿಯಾಗದ ಸದ್ದು. ಕೊನೆಯ ಅಲೆಯೂ ಮೊದಲ ಅಲೆಯೂ ಒಂದೇ ಎತ್ತರದಲ್ಲಿ ಕೂಡಿಲ್ಲ. ನಿಮ್ಮ ಲೂಪರ್‌ನಲ್ಲಿ ಕ್ರಾಸ್‌ಫೇಡ್ (ಕೊನೆಯನ್ನು ಮೊದಲಿನೊಳಗೆ ಮೆಲ್ಲಗೆ ಕರಗಿಸುವ ಆಯ್ಕೆ) ಹುಡುಕಿ 5ರಿಂದ 10 ಮಿಲಿಸೆಕೆಂಡ್ ಕೊಡಿ, ಅಲ್ಲಿಗೆ ಮುಗಿಯಿತು. ಬೇರೆ ಅಕ್ಷರದ ಮೇಲೆ ಬೀಳುವ ಠಪ್ ಬಹಳ ಸಲ ಪೆಡಲ್ ಒತ್ತಿದ ಸದ್ದೇ. ಹಲಗೆಯ ವೇದಿಕೆ ಅದನ್ನು ಸ್ಟ್ಯಾಂಡ್ ಮೂಲಕ ಮೈಕ್‌ಗೆ ತಲುಪಿಸುತ್ತದೆ. ಪೆಡಲ್ ಕೆಳಗೆ ಮಡಚಿದ ಕಂಬಳಿ ಹಾಕಿ, ಕಾರ್ಡಿನಲ್ಲಿ 80 ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನು ತಗ್ಗಿಸುವ ಲೋ ಕಟ್ ಒತ್ತಿ.

ಎಲ್ಲೆಂದರಲ್ಲಿ ಬರುವ ಚಟ್ ಚಟ್ ಬೇರೆ ಜಾತಿ. ಕಂಪ್ಯೂಟರ್ ಸದ್ದನ್ನು ತುಂಡು ತುಂಡಾಗಿ ಸಂಸ್ಕರಿಸುತ್ತದೆ, ಆ ತುಂಡಿಗೆ ಬಫರ್ ಎನ್ನುತ್ತಾರೆ. 48000 ಹರ್ಟ್ಜ್ ಎಂದರೆ ಸದ್ದನ್ನು ಸೆಕೆಂಡಿಗೆ 48000 ಸಲ ಅಳೆಯುವುದು, ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಆಗ 128 ಸ್ಯಾಂಪಲ್‌ಗಳ ಬಫರ್ ಎಂದರೆ 2.7 ಮಿಲಿಸೆಕೆಂಡ್. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಸದ್ದಿನಲ್ಲಿ ತೂತು ಬೀಳುತ್ತದೆ. ಮೊದಲು ಬಫರ್ 256ಕ್ಕೆ ಏರಿಸಿ. ವೈಫೈ, ಬ್ಲೂಟೂತ್ ಆರಿಸಿ. ವಿಂಡೋಸ್‌ನಲ್ಲಿ ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ತನ್ನಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆರಿಸಿ, ಕಾರ್ಡನ್ನು ಕಡಿಮೆ ತಡದಲ್ಲಿ ಓಡಿಸುವ, ಅದರ ತಯಾರಕರದೇ ಎಎಸ್‌ಐಒ ಡ್ರೈವರ್ ಬಳಸಿ. ಯುಎಸ್‌ಬಿ ಹಬ್ ಬಿಟ್ಟು ಕಾರ್ಡನ್ನು ನೇರ ಸಿಕ್ಕಿಸಿ. ಇಷ್ಟಾದರೂ ನಿಲ್ಲದಿದ್ದರೆ ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ. ಯಾವ ಡ್ರೈವರ್ ಹೊತ್ತು ತಿನ್ನುತ್ತಿದೆ ಎಂದು ಅದು ಹೆಸರು ಹಿಡಿದು ತೋರಿಸುತ್ತದೆ. ಈ ಪರೀಕ್ಷೆ ಮನೆಯಲ್ಲಿ ಆಗಬೇಕು, ವೇದಿಕೆಯಲ್ಲಲ್ಲ.

ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ಚಟ್ ಚಟ್ ಶುರುವಾದರೆ ಕಾರಣ ಬಿಸಿ. ಮೇಜಿಗೆ ಹಾಸಿದ ಬಟ್ಟೆ ಲ್ಯಾಪ್‌ಟಾಪ್‌ನ ಗಾಳಿ ತೂತು ಮುಚ್ಚಿರುತ್ತದೆ, ಮೇಲಿಂದ ವೇದಿಕೆಯ ಪಾರ್ ಲೈಟ್ ಸುಡುತ್ತಿರುತ್ತದೆ. ಬಿಸಿ ಏರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಎರಡು ಮರದ ಪಟ್ಟಿ ಇಟ್ಟು ಲ್ಯಾಪ್‌ಟಾಪನ್ನು ಎತ್ತರಿಸಿದರೆ ಸಾಕು.

ಇನ್ನು ತನ್ನದೇ ಲಯದ ಸದ್ದು. ಹೊಸನಗರ ಕಡೆಯ ಒಂದು ತೋಟದ ಮನೆಯ ಅಂಗಳದಲ್ಲಿ ಸಂಜೆ ಸೆಟ್ ಜೋಡಿಸಿದಾಗ ಸ್ಪೀಕರ್‌ನಲ್ಲಿ ಟಿಕ್, ಟಿಕ್ ಎಂದು ಬರತೊಡಗಿತು. ಬಫರ್ ಏರಿಸಿದೆ, ಡ್ರೈವರ್ ಬದಲಿಸಿದೆ, ಲೂಪ್ ಅಳಿಸಿದೆ. ಹೋಗಲಿಲ್ಲ. ಕೊನೆಗೆ ತಾಳ ಹಾಕುತ್ತಾ ಕೂತಾಗ ಹೊಳೆಯಿತು: ಟಿಕ್‌ಗಳ ನಡುವಿನ ಅಂತರ ಒಂದೇ ಸಮ, ಹೆಚ್ಚುಕಡಿಮೆ ಒಂದು ಸೆಕೆಂಡ್, ನನ್ನ ಲೂಪ್ ಇರಲಿ ಇಲ್ಲದಿರಲಿ. ಬಫರ್ ತಪ್ಪಿದ ಸದ್ದಿಗೆ ಅಂಥ ಲಯ ಇರುವುದಿಲ್ಲ. ಮನೆಯ ಯಜಮಾನರನ್ನು ಕೇಳಿದೆ. ಕಾಡುಹಂದಿ ಬರುತ್ತವೆಂದು ಸಂಜೆ ಸೋಲಾರ್ ಬೇಲಿ ಹಾಕುತ್ತೇವೆ ಅಂದರು. ಆ ಬೇಲಿಯ ಪೆಟ್ಟಿಗೆ ಸುಮಾರು ಸೆಕೆಂಡಿಗೊಂದು ಸಲ ಸಾವಿರಾರು ವೋಲ್ಟ್‌ನ ಅತಿ ಚಿಕ್ಕ ಹೊಡೆತ ಬಿಡುತ್ತದೆ. ಅಂಗಳದುದ್ದಕ್ಕೆ ಎಳೆದಿದ್ದ ನನ್ನ ಅನ್‌ಬ್ಯಾಲೆನ್ಸ್ಡ್ ಕೇಬಲ್ (ಹೊರಗಿನ ಸದ್ದನ್ನು ರದ್ದು ಮಾಡುವ ಎರಡನೇ ಸಿಗ್ನಲ್ ತಂತಿ ಇಲ್ಲದ್ದು) ಅದಕ್ಕೆ ಆಂಟೆನಾ ಆಗಿತ್ತು. ಲ್ಯಾಪ್‌ಟಾಪ್ ಪಕ್ಕದಲ್ಲೇ ಡಿಐ ಬಾಕ್ಸ್ ಇಟ್ಟು ಅಲ್ಲಿಂದ ಮುಂದಕ್ಕೆ ಆ ತಂತಿ ಇರುವ ಎಕ್ಸ್‌ಎಲ್‌ಆರ್ ಕೇಬಲ್ ಎಳೆದ ಮೇಲೆ ಟಿಕ್ ಹೋಯಿತು. ಬೇಲಿ ಆರಿಸಿ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಬೇಲಿಯ ಪೆಟ್ಟಿಗೆಯನ್ನಾಗಲಿ ಅದರ ಅರ್ಥ್ ತಂತಿಯನ್ನಾಗಲಿ ನಾವು ಮುಟ್ಟಬಾರದು.

ಟಿಡಿಡಿಟ್ ಟಿಡಿಡಿಟ್ ಎಂದು ಗುಂಪು ಗುಂಪಾಗಿ ಬಂದರೆ ಅದು ಮೊಬೈಲ್. 2ಜಿ ಫೋನು ಸೆಕೆಂಡಿಗೆ ಸುಮಾರು 217 ಸಲ ಮಿಡಿದು ಸಿಗ್ನಲ್ ಕಳಿಸುತ್ತದೆ, ಆ ಮಿಡಿತವೇ ಸ್ಪೀಕರ್‌ನಲ್ಲಿ ಕೇಳುವುದು. ಟವರ್ ದೂರವಿದ್ದಷ್ಟೂ ಫೋನು ಹೆಚ್ಚು ಶಕ್ತಿ ಹಾಕುತ್ತದೆ. ಘಟ್ಟದ ಮೇಲಿನ ಊರುಗಳಲ್ಲಿ ಇದು ಜಾಸ್ತಿ ಕಾಡುವುದು ಅದಕ್ಕೇ. ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಪಕ್ಕದವರದ್ದನ್ನೂ ಹಾಕಿಸಿ.

ಹೊಸ ಪದರ ತಾಳಕ್ಕೆ ಕೂಡುವುದಿಲ್ಲ

ನುಡಿಸುವಾಗ ಸರಿಯಾಗಿತ್ತು, ಸುತ್ತಿ ಬಂದಾಗ ಸ್ವಲ್ಪ ಹಿಂದೆ ಬಿದ್ದಿದೆ. ಇದು ಕಲಾವಿದರ ಆತ್ಮವಿಶ್ವಾಸವನ್ನೇ ಕುಗ್ಗಿಸುವ ದೋಷ. ಲಯಜ್ಞಾನ ಚೆನ್ನಾಗಿರುವವರೂ ತಮ್ಮನ್ನೇ ಅನುಮಾನಿಸಿಕೊಳ್ಳುತ್ತಾರೆ. ನಿಮ್ಮ ಕೈ ಸರಿಯಾಗಿಯೇ ಇದೆ, ಯಂತ್ರ ತಡ ಮಾಡುತ್ತಿದೆ.

ಮೊದಲು ಹೆಡ್‌ಫೋನ್ ನೋಡಿ. ಬ್ಲೂಟೂತ್ ಇದ್ದರೆ ತೆಗೆದಿಡಿ, ಅದರ ತಡವೇ ಸಾಮಾನ್ಯವಾಗಿ ನೂರು ಮಿಲಿಸೆಕೆಂಡ್ ದಾಟುತ್ತದೆ. ನಿಮ್ಮ ದನಿ ನಿಮಗೇ ಎರಡೆರಡಾಗಿ ಕೇಳುತ್ತಿದ್ದರೆ ದನಿಯನ್ನು ನೇರ ಕೇಳಿಸುವ ಕಾರ್ಡಿನ ಡೈರೆಕ್ಟ್ ಮಾನಿಟರ್, ಲ್ಯಾಪ್‌ಟಾಪ್ ಸುತ್ತಿಸಿ ಕೇಳಿಸುವ ತಂತ್ರಾಂಶದ ಮಾನಿಟರ್ ಎರಡೂ ಆನ್ ಆಗಿವೆ. ಒಂದನ್ನು ಆಫ್ ಮಾಡಿ.

256 ಸ್ಯಾಂಪಲ್‌ಗಳ ಬಫರ್‌ನಲ್ಲಿ ಸದ್ದು ಒಳಗೆ ಬರಲು 5.3, ಹೊರಗೆ ಹೋಗಲು 5.3 ಮಿಲಿಸೆಕೆಂಡ್ ಹಿಡಿಯುತ್ತದೆ. ಕಾರ್ಡು ಮತ್ತು ಯುಎಸ್‌ಬಿಯ ತಡ ಅದರ ಮೇಲೆ. ಸುಮ್ಮನೆ ಕೇಳಲು ಇದು ತೊಂದರೆಯಲ್ಲ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಚಲಿಸುತ್ತದೆ, 12 ಮಿಲಿಸೆಕೆಂಡ್ ಎಂದರೆ ನಾಲ್ಕು ಮೀಟರ್ ಆಚೆ ಕೂತ ಮೃದಂಗದವರನ್ನು ಕೇಳಿದ ಹಾಗೆ. ತೊಂದರೆ ಶುರುವಾಗುವುದು ಪದರಗಳಲ್ಲಿ. ಎರಡನೆಯದು ಮೊದಲನೆಯದಕ್ಕಿಂತ 12 ಮಿಲಿಸೆಕೆಂಡ್ ಹಿಂದೆ ಕೂರುತ್ತದೆ. ಮೂರನೆಯದನ್ನು ನೀವು ಎರಡನೆಯದರ ಮೇಲೆ ಕಿವಿಯಿಟ್ಟು ನುಡಿಸಿದರೆ ಅದು 24, ನಾಲ್ಕನೆಯದು 36. ಡೊಳ್ಳಿನ ಪೆಟ್ಟಿಗೆ ಖಂಜಿರದ ಪೆಟ್ಟು ಇಷ್ಟು ಜಾರಿದರೆ ಎರಡು ಪೆಟ್ಟಾಗಿಯೇ ಕೇಳುತ್ತದೆ.

ಪರಿಹಾರಕ್ಕೆ ಒಂದು ಕೇಬಲ್ ಸಾಕು. ಸ್ಪೀಕರ್ ಪೂರ್ತಿ ಇಳಿಸಿ, ಇನ್‌ಪುಟ್ ಮಾನಿಟರ್ ಮತ್ತು ಡೈರೆಕ್ಟ್ ಮಾನಿಟರ್ ಎರಡನ್ನೂ ಆರಿಸಿ, ಇಲ್ಲದಿದ್ದರೆ ಕಿವಿ ಸೀಳುವ ಕೂಗು ಬರುತ್ತದೆ. ಕಾರ್ಡಿನ ಔಟ್‌ಪುಟ್ ಒಂದನ್ನು ಅದರದೇ ಇನ್‌ಪುಟ್‌ಗೆ ಸಿಕ್ಕಿಸಿ ಒಂದು ಕ್ಲಿಕ್ ನುಡಿಸಿ ರೆಕಾರ್ಡ್ ಮಾಡಿ. ಮೂಲ ಕ್ಲಿಕ್‌ಗೂ ರೆಕಾರ್ಡ್ ಆದದ್ದಕ್ಕೂ ಇರುವ ಅಂತರವನ್ನು ಸ್ಯಾಂಪಲ್‌ನಲ್ಲಿ ಎಣಿಸಿ. 48000ದಲ್ಲಿ 480 ಸ್ಯಾಂಪಲ್ ಬಂದರೆ 10 ಮಿಲಿಸೆಕೆಂಡ್. ಆ ಅಂಕಿಯನ್ನು ತಂತ್ರಾಂಶದ ಲೇಟೆನ್ಸಿ ಕಾಂಪೆನ್ಸೇಶನ್ (ತಡ ಸರಿದೂಗಿಸುವ) ಜಾಗದಲ್ಲಿ ತುಂಬಿ. ಬಫರ್ ಬದಲಿಸಿದಾಗಲೆಲ್ಲ ಮತ್ತೆ ಅಳೆಯಬೇಕು. ನನ್ನ ಲ್ಯಾಪ್‌ಟಾಪ್‌ನ ಮುಚ್ಚಳದ ಒಳಗೆ 128ಕ್ಕೆ ಇಷ್ಟು, 256ಕ್ಕೆ ಇಷ್ಟು ಎಂದು ಚೀಟಿ ಅಂಟಿಸಿದ್ದೇನೆ.

ಹಾಡು ಇದ್ದಕ್ಕಿದ್ದಂತೆ ಶ್ರುತಿ ಏರಿದೆ

ಮನೆಯಲ್ಲಿ ಸಿದ್ಧ ಮಾಡಿದ ತಂಬೂರಿ ಟ್ರ್ಯಾಕ್ ವೇದಿಕೆಯಲ್ಲಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೆ, ತುಸು ವೇಗವಾಗಿ ಕೇಳಿದರೆ ಸ್ಯಾಂಪಲ್ ರೇಟ್ ಹೊಂದಿಲ್ಲ. 44100ರ ಫೈಲ್ 48000ದಲ್ಲಿ ಓಡುತ್ತಿದೆ. ಕಾರ್ಡಿಗೂ ತಂತ್ರಾಂಶಕ್ಕೂ ಒಂದೇ ಅಂಕಿ ಕೊಡಿ.

ಪದರ ಹಾಕಿದಷ್ಟೂ ದನಿ ಮಸುಕಾಗುತ್ತದೆ

ತೆರೆದ ಮೈಕ್ ನಿಮ್ಮ ದನಿಯ ಜೊತೆಗೆ ಸ್ಪೀಕರ್‌ನಲ್ಲಿ ಸುತ್ತುತ್ತಿರುವ ಹಳೆಯ ಪದರಗಳನ್ನೂ ಹೀರಿಕೊಳ್ಳುತ್ತಿದೆ. ಇದೇ ಮುಂದುವರಿದರೆ ಕೂಂಯ್ ಎಂದು ಕೂಗುತ್ತದೆ. ಮೈಕ್‌ಗೆ ಹತ್ತಿರ ಬನ್ನಿ, ಗೇನ್ ಇಳಿಸಿ, ನಿಮಗೇ ಕೇಳಲೆಂದು ಇಟ್ಟ ಮಾನಿಟರ್ ಸ್ಪೀಕರನ್ನು, ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್‌ನ ಬೆನ್ನ ಹಿಂದೆ ಇಡಿ. ಮಾನಿಟರ್ ಬಿಟ್ಟು ತಂತಿಯ ಹೆಡ್‌ಫೋನ್ ಹಾಕಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಪೆಡಲ್ ಒಮ್ಮೆ ಒತ್ತಿದರೆ ಎರಡು ಸಲ, ಇಲ್ಲವೇ ಏನೂ ಇಲ್ಲ

ರೆಕಾರ್ಡ್ ಶುರುವಾಗಿ ಕಾಲು ತೆಗೆದೊಡನೆ ನಿಂತರೆ ಪೆಡಲ್ ಕೆಟ್ಟಿಲ್ಲ. ಒತ್ತಿದಾಗ 127, ಬಿಟ್ಟಾಗ 0 ಎಂಬ ಮಿಡಿ ಸಂದೇಶ ಹೋಗುತ್ತಿದೆ, ತಂತ್ರಾಂಶ ಎರಡಕ್ಕೂ ಕೆಲಸ ಮಾಡುತ್ತಿದೆ. ಒತ್ತಿದಾಗಿನ ಸಂದೇಶಕ್ಕೆ ಮಾತ್ರ ಓಗೊಡುವಂತೆ ಹೊಂದಿಸಿ. ಏನೂ ಆಗದಿದ್ದರೆ ಯುಎಸ್‌ಬಿ ತೂತು ಬದಲಾಗಿರಬಹುದು, ವಿಂಡೋಸ್ ಕೆಲವೊಮ್ಮೆ ಅದನ್ನು ಹೊಸ ಉಪಕರಣವೆಂದೇ ತಿಳಿಯುತ್ತದೆ. ತೂತುಗಳಿಗೆ ಬಣ್ಣದ ಟೇಪ್ ಅಂಟಿಸಿಟ್ಟುಕೊಳ್ಳಿ. ಕೆಲವು ಸಲ ಹಿಡಿದು ಕೆಲವು ಸಲ ಹಿಡಿಯದಿದ್ದರೆ ಒಳಗಿನ ಸ್ವಿಚ್ ಕಿಲುಬು ಹಿಡಿದಿದೆ. ಕರೆಂಟ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ.

ನಡುವೆ ಕಾರ್ಡೇ ಮಾಯವಾಗುತ್ತದೆ

ಕೇಬಲ್ ಬದಲಿಸಿ ನೋಡಿ. ಘಾಟಿಯ ತಿರುವುಗಳಲ್ಲಿ ಚೀಲದೊಳಗೆ ಮಡಚಿ ಕೂತ ಯುಎಸ್‌ಬಿ ಕೇಬಲ್ ಮೊದಲು ಸಾಯುತ್ತದೆ, ಹಾಗಾಗಿ ಒಂದು ಹೆಚ್ಚುವರಿ ಬೇಕೇ ಬೇಕು. ಯುಎಸ್‌ಬಿ 2.0 ತೂತು ಕೊಡುವುದು 500 ಮಿಲಿಆಂಪಿಯರ್. ಕಂಡೆನ್ಸರ್ ಮೈಕ್‌ಗೆ ಶಕ್ತಿ ಕೊಡಲೆಂದು ಕಾರ್ಡಿನ 48 ವೋಲ್ಟ್ ಫ್ಯಾಂಟಮ್ ಗುಂಡಿ ಹಾಕಿದ ಕ್ಷಣ ಕಾರ್ಡ್ ಬಿದ್ದುಹೋದರೆ ಅಲ್ಲಿ ಶಕ್ತಿ ಸಾಲುತ್ತಿಲ್ಲ.

ಪ್ರತ್ಯೇಕ ಅಡಾಪ್ಟರ್ ಇರುವ ಕಾರ್ಡಾದರೆ ಊರಿನ ಕರೆಂಟ್ ನೋಡಿ. ಅಡಿಕೆ ಸುಗ್ಗಿಯಲ್ಲಿ ಸುಲಿಯುವ ಯಂತ್ರ, ಬೇಸಗೆಯಲ್ಲಿ ಪಂಪ್‌ಸೆಟ್ ಶುರುವಾದಾಗ ಬಲ್ಬು ಮಂಕಾಗುವ ಲೈನಿನಲ್ಲಿ ಅಡಾಪ್ಟರ್ ಕೈಕೊಡಬಹುದು. ಮಲೆನಾಡಿನಲ್ಲಿ ಸುತ್ತುವವರಿಗೆ ಯುಎಸ್‌ಬಿಯಿಂದಲೇ ಓಡುವ ಕಾರ್ಡನ್ನೇ ನಾನು ಹೇಳುವುದು. ಕರೆಂಟ್ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿ ಇಡೀ ಸೆಟ್ಟನ್ನು ಹಿಡಿದು ನಿಲ್ಲಿಸುತ್ತದೆ, ಲೂಪ್ ಕಳೆದುಹೋಗುವುದಿಲ್ಲ.

ಕಾರ್ಯಕ್ರಮಕ್ಕೆ ಹದಿನೈದು ನಿಮಿಷ ಇರುವಾಗಲೂ ದೋಷ ಸಿಗದಿದ್ದರೆ ಹುಡುಕುವುದನ್ನು ಬಿಡಿ. ಮೈಕನ್ನು ನೇರ ಮಿಕ್ಸರ್‌ಗೆ ಕೊಟ್ಟು ಲೂಪ್ ಇಲ್ಲದೆ ಹಾಡಿ. ಆ ಆತುರದಲ್ಲಿ ಡ್ರೈವರ್ ಹಾಕಲು ಹೋಗಿ ಇದ್ದದ್ದನ್ನೂ ಕಳೆದುಕೊಂಡವರನ್ನು ಕಂಡಿದ್ದೇನೆ.

ಮಳೆಗಾಲದಲ್ಲಿ ಗುಂಡಿ ತಿರುಗಿಸಿದರೆ ಕರಕರ

ಆಷಾಢದ ಹೊತ್ತಿಗೆ ಪುಸ್ತಕಕ್ಕೆ ಬೂಷ್ಟು ಹಿಡಿಯುವ ಮನೆಯಲ್ಲಿ ಜ್ಯಾಕುಗಳೂ ಮಂಕಾಗುತ್ತವೆ. ಎಲ್ಲ ಪ್ಲಗ್‌ಗಳನ್ನು ಹತ್ತು ಸಲ ಸಿಕ್ಕಿಸಿ ತೆಗೆದರೆ ಬಹಳಷ್ಟು ಸರಿಹೋಗುತ್ತದೆ. ಎ.ಸಿ. ಕಾರಿನಿಂದ ಇಳಿಸಿದ ತಣ್ಣನೆ ಲ್ಯಾಪ್‌ಟಾಪ್‌ನ ಮೇಲೆ ಘಟ್ಟದ ಒದ್ದೆ ಗಾಳಿ ತಾಗಿ ಒಳಗೆ ನೀರ ಹನಿ ಕಟ್ಟಬಹುದು. ಅರ್ಧ ಗಂಟೆ ಚೀಲದಲ್ಲೇ ಬಿಟ್ಟು ಆಮೇಲೆ ಆನ್ ಮಾಡಿ. ಮನೆಯಲ್ಲಿ ಇಡುವಾಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಟ್ಟರೆ ಹೊಗೆಯ ಜಿಡ್ಡು ಫ್ಯಾನಿಗೆ ಹೋಗುತ್ತದೆ.

ಟಚ್‌ಪ್ಯಾಡ್ ಮೇಲೆದ್ದಿದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ

ಬ್ಯಾಟರಿ ಉಬ್ಬಿದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಬೇಡಿ, ಚುಚ್ಚಬೇಡಿ. ಆ ಲ್ಯಾಪ್‌ಟಾಪನ್ನು ಬಸ್ಸಿನ ಲಗೇಜಿನಲ್ಲೂ ಒಯ್ಯಬೇಡಿ. ಬೆಂಕಿ ಹೊತ್ತುವಂಥದ್ದೇನೂ ಇಲ್ಲದ ಸಿಮೆಂಟ್ ನೆಲದ ಮೇಲೆ ಇಟ್ಟು ಸರ್ವಿಸ್‌ನವರಿಗೆ ಫೋನ್ ಮಾಡಿ. ಹೊಸ ಬ್ಯಾಟರಿ ಬರುವವರೆಗೆ ಬೇರೆ ಲ್ಯಾಪ್‌ಟಾಪ್ ಕೇಳಿ ಪಡೆದುಕೊಳ್ಳಿ. ನಿಮ್ಮ ಲೂಪರ್‌ನ ಸೆಟಪ್ ಫೈಲ್ ಪೆನ್‌ಡ್ರೈವ್‌ನಲ್ಲಿ ಇದ್ದರೆ, ಡ್ರೈವರ್ ಹಾಕಿ ತಡವನ್ನು ಮತ್ತೊಮ್ಮೆ ಅಳೆದುಕೊಂಡರೆ ಸಂಜೆಯ ಕಾರ್ಯಕ್ರಮ ನಡೆಯುತ್ತದೆ.